ಬೀದಿ ಮತ್ತು ಕಟ್ಟಡ: ಕೈಬೋತ್‌ನ ತೈಲವರ್ಣ ಕೃತಿಯೊಂದರ ವಿವೇಚನೆ

ನಗರದ ಬೀದಿಯನ್ನು ತೈಲವರ್ಣದಲ್ಲಿ ಚಿತ್ರಿಸಲು ಕಲಿಯುವವರಿಗೆ ಮೊದಲು ದೊರೆಯುವ ಪಾಠ ಕಟ್ಟಡದ್ದು. ಕಣ್ಣಿನ ಮಟ್ಟದ ರೇಖೆಯನ್ನು ಗುರುತಿಸಿ, ಸೂರಿನ ಅಂಚುಗಳನ್ನೂ ಕಿಟಕಿಗಳ ಸಾಲುಗಳನ್ನೂ ಆ ರೇಖೆಯ ಮೇಲಿನ ಬಿಂದುಗಳತ್ತ ಎಳೆದು, ತೆಳುಬಣ್ಣದ ಮೇಲೆ ಎಣ್ಣೆ ಹೆಚ್ಚಿರುವ ಬಣ್ಣವನ್ನು ಹಚ್ಚುತ್ತ ಹೋಗುವುದು ರೂಢಿಯ ಕ್ರಮ. ಜನರು ಬರುವುದು ಕಡೆಯಲ್ಲಿ. ಕುಶಲತೆಯ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಆದರೆ ಜನರು ಕಡೆಯಲ್ಲಿ ಬಂದು ಸೇರುವ ಬೀದಿಯನ್ನು ಬೀದಿ ಎನ್ನಬಹುದೇ ಎಂಬ ಪ್ರಶ್ನೆಯನ್ನು ಜಾನಪದ ಅಧ್ಯಯನ ಕೇಳಲೇಬೇಕಾಗುತ್ತದೆ.

ಗುಸ್ತಾವ್ ಕೈಬೋತ್ (1848–1894) 1877ರಲ್ಲಿ ಪ್ರದರ್ಶಿಸಿದ ‘ಪ್ಯಾರಿಸ್ಸಿನ ಬೀದಿ, ಮಳೆಯ ದಿನ’ ಈ ಚರ್ಚೆಗೆ ತಕ್ಕ ನಿದರ್ಶನ. ಸುಮಾರು 212 ಸೆಂ.ಮೀ. ಎತ್ತರ, 276 ಸೆಂ.ಮೀ. ಅಗಲದ ಈ ಕೃತಿ ಈಗ ಷಿಕಾಗೋದ ಕಲಾಸಂಗ್ರಹಾಲಯದಲ್ಲಿದೆ. ಕೈಬೋತ್ ಸಹ ಕಟ್ಟಡಗಳಿಗೆ ಪಟ್ಟಿ ಹಿಡಿದು ಎಳೆದ ರೇಖಾಚಿತ್ರವನ್ನೂ ಮನುಷ್ಯಾಕೃತಿಗಳಿಗೆ ಬೇರೆ ಹಾಳೆಗಳನ್ನೂ ಸಿದ್ಧಪಡಿಸಿಕೊಂಡವನೇ. ಅಭ್ಯಾಸದ ಹಾಳೆಗಳಲ್ಲಿದ್ದ ಈ ಪ್ರತ್ಯೇಕತೆ ಕ್ಯಾನ್ವಾಸಿನಲ್ಲಿ ಉಳಿದಿಲ್ಲ. ಹತ್ತಿರದ ದಂಪತಿಗಳ ಮತ್ತು ದೂರದ ದಾರಿಹೋಕರ ತಲೆಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು, ಚಿತ್ರದ ಆಳವನ್ನು ಅಳೆದು ಕೊಡುತ್ತವೆ. ನೆನೆದ ಕಲ್ಲುಹಾಸಿನ ಬೂದು ಹೊಳಪೇ ಕೊಡೆಗಳ ಮೇಲೂ ಇದೆ.

ಈ ಚಿತ್ರ ನಿರ್ಭಾವದ್ದು ಎಂಬ ಆಕ್ಷೇಪವನ್ನು ಪೂರ್ಣವಾಗಿ ಒಪ್ಪಲಾಗದು. ಓಸ್‌ಮನ್ ಆಡಳಿತಾಧಿಕಾರಿಯಾಗಿದ್ದ 1853ರಿಂದ 1870ರವರೆಗಿನ ಅವಧಿಯಲ್ಲಿ ಪ್ಯಾರಿಸ್ಸಿನ ಹಳೆಯ ಓಣಿಗಳು ಎಷ್ಟೋ ನೆಲಸಮವಾಗಿ ನೇರ, ವಿಶಾಲ ರಸ್ತೆಗಳು ತೆರೆದವು. ಓಣಿಯೊಡನೆ ಹೋಗುವುದು ಗೋಡೆಗಳಷ್ಟೇ ಅಲ್ಲ. ನಿಂತು ಮಾತನಾಡುವ ರೂಢಿಯೂ ಹೋಗುತ್ತದೆ. ಕೈಬೋತ್‌ನ ಚೌಕದಲ್ಲಿ ಒಬ್ಬರ ಮುಖವನ್ನೊಬ್ಬರು ನೋಡುವವರು ಕಾಣಸಿಗುವುದಿಲ್ಲ. ಬಲ ಅಂಚಿನಲ್ಲಿ ಬೆನ್ನು ತೋರಿಸುವವನ ಕೊಡೆ ಎದುರು ಬರುವವರ ಕೊಡೆಗೆ ಇನ್ನೇನು ತಾಗಬೇಕು. ಈ ಮೌನವನ್ನು ಚಿತ್ರಕಾರನ ಕೊರತೆಯೆಂದು ಎಣಿಸುವುದಕ್ಕಿಂತ ಆ ಹೊಸ ಬೀದಿಯ ಲಕ್ಷಣವೆಂದು ಓದುವುದು ಯುಕ್ತ.

ಹಳೆಯ ಮುದ್ರಿತ ಪ್ರತಿಗಳನ್ನು ಮುಂದಿಟ್ಟುಕೊಂಡು ಅಭ್ಯಾಸ ಮಾಡುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. 2014ರ ಸುಮಾರಿಗೆ ನಡೆದ ಶುದ್ಧೀಕರಣದಲ್ಲಿ ಹಳದಿಗಟ್ಟಿದ ವಾರ್ನಿಷನ್ನು ತೆಗೆದ ಮೇಲೆ ಆಕಾಶ ಬೆಳಗಿತು. ಅದುವರೆಗೆ ಮಳೆಯ ಬಣ್ಣವೆಂದು ನಕಲಾಗುತ್ತಿದ್ದುದರಲ್ಲಿ ವಾರ್ನಿಷಿನ ಪಾಲೂ ಇತ್ತು. ಸಾಮಾನ್ಯವಾಗಿ ನಕಲುಗಾರರ ಕಣ್ಣು ದೀಪದ ಕಂಬ, ಕೊಡೆ, ರೇಷ್ಮೆಯ ಟೋಪಿಗಳಲ್ಲಿ ನಿಲ್ಲುತ್ತದೆ. ಆದರೆ ದಂಪತಿಗಳ ಹಿಂದೆ, ದೂರದಲ್ಲಿ, ಮನೆಗಳಿಗೆ ಬಣ್ಣ ಬಳಿಯುವ ಕೆಲಸಗಾರನೊಬ್ಬ ಏಣಿ ಹೊತ್ತು ರಸ್ತೆ ದಾಟುತ್ತಿದ್ದಾನೆ. ಅವನ ಕೈಯಲ್ಲಿ ಕೊಡೆಯಿಲ್ಲ.