‘ಗುಣವಾಯಿತು’ ಎಂಬುದಕ್ಕೆ ಅಳತೆ ಯಾವುದು?

ಮನೋರೋಗಕ್ಕೆ ಎಲ್ಲಿ ಉಪಚಾರ ಮಾಡಿಸಬೇಕೆಂಬ ಪ್ರಶ್ನೆ ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಎದ್ದಾಗ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘ಅಲ್ಲಿಗೆ ಹೋದವರಿಗೆ ಗುಣವಾಗಿದೆಯಂತೆ.’ ಆ ‘ಅಂತೆ’ಯನ್ನು ನಂಬಿ ರಜೆಯನ್ನೂ ಹಣವನ್ನೂ ಕಳೆಯುತ್ತೇವೆ. ಯೆರವಡಾ ಆಸ್ಪತ್ರೆಯ ಹೆಸರೆತ್ತಿದರೆ ಮಾತ್ರ ದನಿ ತಗ್ಗುತ್ತದೆ. ಆದಕಾರಣ ಎರಡು ವರದಿಗಳನ್ನು ಪರಿಶೀಲಿಸುವುದು ಉಚಿತವೆಂದು ನಮಗೆ ತೋರಿತು.

ಮೊದಲನೆಯದು 2002ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದದ್ದು. ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ತಂಗಿದ್ದ 31 ಮಂದಿ ರೋಗಿಗಳನ್ನು ಪರೀಕ್ಷಿಸಿದರು. ಸರಾಸರಿ ಆರು ವಾರದ ವಾಸದಲ್ಲಿ ರೋಗಲಕ್ಷಣದ ಅಂಕ ಶೇಕಡಾ 20ರ ಆಸುಪಾಸು ಇಳಿದಿತ್ತು. ವಿಶೇಷ ಪೂಜೆ, ಮಂತ್ರ ಯಾವುದೂ ಇರಲಿಲ್ಲ, ಇದ್ದದ್ದು ಆಸರೆ.

ಓದಿದರೆ ಸಂತೋಷವಾಗುತ್ತದೆ, ನಿಜ. ಆದರೆ ಹೋಲಿಸಲು ಬೇರೊಂದು ಗುಂಪೇ ಇಲ್ಲ. ಬಿ.ಎಸ್ಸಿ. ಪ್ರಯೋಗಶಾಲೆಯಲ್ಲಿ ಟೈಟ್ರೇಶನ್ ಮಾಡುವಾಗ ‘ಬ್ಲಾಂಕ್’ ತೆಗೆದು ಅದನ್ನು ಕಳೆಯದಿದ್ದರೆ ಗುರುಗಳು ಜರ್ನಲ್ಲನ್ನೇ ಹಿಂದಕ್ಕೆ ಎಸೆಯುತ್ತಿದ್ದರು! ಮನುಷ್ಯ ಉಪಚಾರ ಹುಡುಕುವುದು ಕಷ್ಟ ತುತ್ತತುದಿಗೆ ಮುಟ್ಟಿದಾಗ. ಅಲ್ಲಿಂದ ಅದು ತಾನಾಗಿಯೇ ಕೊಂಚ ಇಳಿಯುವುದುಂಟು.

ಎರಡನೆಯದು ನೆರೆಯ ಗೋವೆಯ ‘ಸಂಗಾತ್’ ಸಂಸ್ಥೆಯವರದು, 2017ರ ‘ಲ್ಯಾನ್ಸೆಟ್’ನಲ್ಲಿದೆ. 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಕೇಂದ್ರದ ವೈದ್ಯರ ಉಪಚಾರ. ಇನ್ನೊಂದಕ್ಕೆ ಅದರ ಜೊತೆಗೆ, ಮನಶ್ಶಾಸ್ತ್ರದ ಪದವಿಯಿಲ್ಲದ, ತರಬೇತು ಪಡೆದ ಸಾಮಾನ್ಯರೊಡನೆ ಆರರಿಂದ ಎಂಟು ಬೈಠಕ್ಕಿನ ಮಾತುಕತೆ. ಅಳೆಯುವವರಿಗೆ ಯಾರು ಯಾವ ಗುಂಪೆಂಬುದು ತಿಳಿಯದು. ಮೂರು ತಿಂಗಳಿಗೆ ಮಾತುಕತೆಯವರಲ್ಲಿ ಶೇಕಡಾ 64, ಉಳಿದವರಲ್ಲಿ ಶೇಕಡಾ 39 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ವರ್ಷದ ಅನಂತರವೂ ಲಾಭ ಉಳಿದಿತ್ತು.

ನಮ್ಮ ಕಣ್ಣು ನಿಲ್ಲುವುದು ಆ 39ರ ಮೇಲೆ. ಅದನ್ನು ಎಣಿಸದೆ ಬಿಟ್ಟಿದ್ದರೆ 64ರ ಕೀರ್ತಿಯೆಲ್ಲ ಮಾತುಕತೆಗೇ ಸಲ್ಲುತ್ತಿತ್ತು. ನ್ಯಾಯವಾಗಿ ಸಲ್ಲುವುದು 25. ಆ 25 ಅಲ್ಪವೇನಲ್ಲ.

ದೇವಸ್ಥಾನದವರದು ಬಹುತೇಕ ಬೇರೆಯೇ ಬಗೆಯ, ಬುದ್ಧಿಭ್ರಮಣೆಯ ಕಾಯಿಲೆ. ಆದ್ದರಿಂದ ಅಂಕಗಳನ್ನು ನೇರವಾಗಿ ತೂಗುವಂತಿಲ್ಲ. ಅಲ್ಲಿನ ಆಸರೆ ವ್ಯರ್ಥವೆಂದೂ ಸಿದ್ಧವಾಗಿಲ್ಲ. ಗೋವೆಯದರಲ್ಲೂ ಒಂದು ಕೊರತೆ ಉಂಟು: ಎರಡನೆಯ ಗುಂಪಿಗೆ ಅಷ್ಟೇ ಹೊತ್ತು ಕಿವಿಗೊಡುವವರು ಇರಲಿಲ್ಲ. ಗುಣ ಬಂದದ್ದು ಪದ್ಧತಿಯಿಂದಲೋ, ಕೇಳುವ ಕಿವಿಯಿಂದಲೋ?

ಪರವೂರಿನ ನಮಗೆ ಇನ್ನೊಂದು ತೊಡಕು. ಇಂಥ ಅಳತೆಯೆಲ್ಲ ನಡೆಯುವುದು ಪ್ರಶ್ನೋತ್ತರದಿಂದ. ಧಾರವಾಡದಿಂದ ಬಂದ ಅತ್ತೆ ‘ಜೀವ ಕಸಿವಿಸಿ ಆಗ್ತದ’ ಎಂದರೆ ಅದನ್ನು ಮರಾಠಿ ಪ್ರಶ್ನಾವಳಿಯ ಯಾವ ಕಲಮಿನಲ್ಲಿ ಬರೆಯುತ್ತಾರೆ?