ಲಕ್ಷ್ಮಿಯ ಎರಡು ಕೈಗಳು

ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ರವಿವರ್ಮನ ‘ಹಂಸ ದಮಯಂತಿ’ಯ ಮುಂದೆ ನಿಂತರೆ ಕನ್ನಡಿಗರಿಗೆ ಹೊಸಬರ ಮನೆಗೆ ಬಂದಂತೆ ಅನ್ನಿಸುವುದಿಲ್ಲ. ಆ ಕೆಂಪು ಸೀರೆ, ತುಂಬಿದ ತೋಳು, ತುಸು ವಾಲಿದ ನಿಲುವು ನಮ್ಮೂರ ದೇವರ ಕೋಣೆಯಿಂದಲೇ ಪರಿಚಯ. 1894ರಲ್ಲಿ ಮುಂಬೈಯಲ್ಲಿ ಶುರುವಾದ ಅವನ ಅಚ್ಚುಕೂಟ ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಗೆ ತಲುಪಿಸಿತು. ಜೊತೆಗೊಂದು ಅಳತೆಗೋಲೂ ಬಂತು. ಹೆಣ್ಣು ನೋಡಲು ಹೋದವರು ‘ಲಕ್ಷಣವಾಗಿದ್ದಾಳೆ, ಮಹಾಲಕ್ಷ್ಮಿ ಹಾಗೆ’ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಈ ಚಿತ್ರವೇ.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಈ ಚಿತ್ರದೊಳಗೇ ಹೋಗಿ ನಿಂತರು. ಬರೋಡಾದಲ್ಲಿ ಶಿಲ್ಪ ಕಲಿತ ಅವರು 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿ ಮಾಡಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿ ಅವರೇ, ಬೆಳದಿಂಗಳ ಹೆಣ್ಣೂ ಅವರೇ. ಹಿಂದಿನದು ನಾಟಕದ ಪರದೆಯೆಂದು ಗೊತ್ತಾಗುತ್ತದೆ. ಲಕ್ಷ್ಮಿಯ ನಾಲ್ಕು ಕೈಗಳಲ್ಲಿ ಜೀವವಿರುವುದು ಎರಡಕ್ಕೆ ಮಾತ್ರ. ಕ್ಯಾಲೆಂಡರಿನಲ್ಲಿ ಸಹಜವೆನಿಸಿದ ಚೆಲುವು, ನಿಜವಾದ ದೇಹ ಅಲ್ಲಿ ಅಲುಗಾಡದೆ ನಿಂತಾಗ ಎಂಥ ದುಡಿಮೆ ಎಂಬುದು ಕಾಣುತ್ತದೆ.

ಅದೇ ಸರಣಿಯ ‘ತೋಡ’ ಚಿತ್ರದಲ್ಲಿ ಮಾತ್ರ ನನಗೆ ತೊಡಕಿದೆ. ಬ್ರಿಟಿಷರು ಬುಡಕಟ್ಟಿನವರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಮೈ ಅಳೆದ ಫೋಟೊಗಳ ಮರುಸೃಷ್ಟಿ ಅದು. ಕಲಾವಿದೆ ವೇಷ ಕಳಚಿ ಮನೆಗೆ ಹೋಗಬಹುದು. ಅಳತೆಗೆ ನಿಂತ ಹೆಂಗಸಿಗೆ ಕಳಚಲು ವೇಷವೇ ಇರಲಿಲ್ಲ. ಎರಡನ್ನೂ ಒಂದೇ ಆಟದಲ್ಲಿ ಸೇರಿಸಿದಾಗ ಅವಳ ಅಸಹಾಯಕತೆ ಹಗುರಾಗುತ್ತದೆ.

2014ರ ಕೊಚ್ಚಿ ಬಿನಾಲೆಯ ಕೃತಿಗೆ ಈ ತೊಡಕಿಲ್ಲ. ಕಲ್ಲಿಕೋಟೆಯ ಸಾಮೂದಿರಿಯ ಮುಂದೆ ವಾಸ್ಕೊ ಡ ಗಾಮ ನಿಂತ ದೃಶ್ಯವನ್ನು ಪೋರ್ಚುಗೀಸ್ ಚಿತ್ರಕಾರ ವೆಲೋಸೊ ಸಲ್ಗಾದೊ 1898ರಲ್ಲಿ, ಘಟನೆಯಾದ 400 ವರ್ಷಗಳ ಮೇಲೆ, ವೈಭವದಿಂದ ಬರೆದಿದ್ದ. ಪುಷ್ಪಮಾಲಾ ಅದನ್ನು ಮತ್ತೆ ಕಟ್ಟಿ ತಾವೇ ಗಾಮ ಆದರು. ಮೆಣಸಿನ ವ್ಯಾಪಾರಕ್ಕೆ ಯುರೋಪು ಮುಗಿಬಿದ್ದ ಊರಲ್ಲೇ, ಬೆಂಗಳೂರಿನ ಹೆಂಗಸೊಬ್ಬಳು ಗಾಮನಾಗಿ ನಿಂತಾಗ ಆ ವೈಭವವೂ ಬಾಡಿಗೆ ಉಡುಪಿನಂತೆ ಕಾಣುತ್ತದೆ.

ದೇವತೆಯ, ದೊರೆಯ ವೇಷ ತೊಟ್ಟಾಗ ಈ ಸ್ವಚಿತ್ರಗಳ ಅಣಕಕ್ಕೆ ಮೊನೆ ಇರುತ್ತದೆ. ದನಿಯಿಲ್ಲದವರ ವೇಷ ತೊಟ್ಟಾಗ ಅದೇ ಮೊನೆ ಮೊಂಡಾಗುತ್ತದೆ. ಆದರೂ ಲಕ್ಷ್ಮಿಯ ಆ ಎರಡು ಕೈಗಳನ್ನು ಒಮ್ಮೆ ಕಂಡವರಿಗೆ ‘ಲಕ್ಷಣವಾಗಿದ್ದಾಳೆ’ ಎಂಬ ಮಾತು ಇನ್ನು ಸಲೀಸಾಗಿ ಬಾಯಿಗೆ ಬಾರದು.