ಪಿಡಿಎಫ್ ತೆರೆಯುವುದು ಬೇರೆ, ಕನ್ನಡ ಓದುವುದು ಬೇರೆ

ಪಿಡಿಎಫ್ ಎಂಬ ಹೆಸರನ್ನು ಕೇಳದ ಅಧ್ಯಾಪಕರು ಈಗ ಸಿಗುವುದು ಕಷ್ಟ. ಪಠ್ಯಪುಸ್ತಕ, ಸುತ್ತೋಲೆ, ಹಳೆಯ ಪ್ರಶ್ನೆಪತ್ರಿಕೆ, ಪಹಣಿ, ಆಧಾರ್ ಎಲ್ಲವೂ ಈ ರೂಪದಲ್ಲೇ ಬರುತ್ತವೆ. ಅಡೋಬಿ ಸಂಸ್ಥೆ ಇದನ್ನು 1993ರಲ್ಲಿ ಬಳಕೆಗೆ ತಂದಿತು. 2008ರಲ್ಲಿ ಇದು ಐಎಸ್‌ಒ 32000 ಎಂಬ ಅಂತಾರಾಷ್ಟ್ರೀಯ ಮಾನಕವಾಯಿತು. ಯಾರು ಬೇಕಾದರೂ ಪಿಡಿಎಫ್ ಓದುವ ತಂತ್ರಾಂಶ ಬರೆಯಬಹುದು, ಬರೆದೂ ಇದ್ದಾರೆ. ಹಾಗಾದರೆ ಮನೆಯ ಗಣಕಕ್ಕೆ ಯಾವುದು ಒಳ್ಳೆಯದು?

ಕುಂದಗೋಳ ತಾಲ್ಲೂಕಿನ ಕುಬಿಹಾಳದಲ್ಲಿ ನೀವು ಶಿಕ್ಷಕರಾಗಿದ್ದೀರಿ, ಮನೆಯಲ್ಲಿರುವುದು ಹತ್ತು ವರ್ಷ ಹಳೆಯ ಗಣಕ, ಅಂತರಜಾಲಕ್ಕೆ ಮೊಬೈಲೇ ಗತಿ ಎಂದಿಟ್ಟುಕೊಳ್ಳಿ. ಆಗ ಅಡೋಬಿಯ ಅಕ್ರೊಬ್ಯಾಟ್ ರೀಡರ್ ಅಷ್ಟೇನೂ ಒಳ್ಳೆಯ ಆಯ್ಕೆಯಲ್ಲ. ಇಳಿಸಿಕೊಳ್ಳಲು ನೂರಾರು ಮೆಗಾಬೈಟ್ ಬೇಕು. ತೆರೆದೊಡನೆ ಮೋಡದ ಸಂಗ್ರಹ, ಚಂದಾ ಎಂದು ಓದುವವರಿಗೆ ಬೇಡದ ಸಂಗತಿಗಳು ಎದುರಾಗುತ್ತವೆ. ಪಿಡಿಎಫ್ ಒಳಗೆ ಜಾವಾಸ್ಕ್ರಿಪ್ಟ್ ಆದೇಶಗಳನ್ನು ಇಡಬಹುದೆಂಬ ಸೌಲಭ್ಯವನ್ನು ಬಳಸಿಕೊಂಡು 2009ರಲ್ಲಿ ಈ ರೀಡರ್ ಮೇಲೆ ಹಲವು ದಾಳಿಗಳು ನಡೆದವು. 2010ರ ರೀಡರ್ 10ರಲ್ಲಿ ಕಡತವನ್ನು ಗಣಕದ ಉಳಿದ ಭಾಗದಿಂದ ಬೇರ್ಪಡಿಸಿ ತೆರೆಯುವ ರಕ್ಷಣೆ ಬಂದಿತು.

ಸುಮಾತ್ರ ಪಿಡಿಎಫ್ ಇದಕ್ಕೆ ತೀರ ವಿರುದ್ಧ. ಕ್ಶಿಶ್ತೊಫ್ ಕೊವಾಲ್ಚಿಕ್ ಎಂಬವರು 2006ರಲ್ಲಿ ಹೊರತಂದ ಈ ಮುಕ್ತ ತಂತ್ರಾಂಶ ಕೆಲವೇ ಮೆಗಾಬೈಟ್‌ಗಳದ್ದು. ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಪೆನ್‌ಡ್ರೈವ್‌ನಿಂದಲೇ ಚಲಾಯಿಸಬಹುದು; ಇಪಬ್, ಡೇಜಾವು ಕಡತಗಳನ್ನೂ ತೆರೆಯುತ್ತದೆ. ಶಾಲೆಯ ಮೂಲೆಯಲ್ಲಿ ಎಕ್ಸ್‌ಪಿ ಗಣಕ ಇನ್ನೂ ಉಸಿರಾಡುತ್ತಿದ್ದರೆ ಅದಕ್ಕೆ 3.1.2 ಆವೃತ್ತಿ ಸಾಕು. ಆದರೆ ಅಂಕೀಯ ಸಹಿಯನ್ನು ಇದು ಪರಿಶೀಲಿಸುವುದಿಲ್ಲ. ಸಹಿ ಇರುವ ದಾಖಲೆಗಳಿಗಾಗಿ ಅಡೋಬಿಯನ್ನೋ ಓಕ್ಯುಲರ್ ಅನ್ನೋ ಇಟ್ಟುಕೊಳ್ಳಬೇಕು. ಕೆಡಿಇ ಬಳಗದ ಓಕ್ಯುಲರ್ ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ನಡೆಯುತ್ತದೆ. 2022ರಲ್ಲಿ ಇದಕ್ಕೆ ಜರ್ಮನಿಯ 'ನೀಲಿ ದೇವತೆ' ಪರಿಸರ ಮುದ್ರೆ ಸಿಕ್ಕಿತು. ಆ ಮುದ್ರೆ ಪಡೆದ ಮೊದಲ ತಂತ್ರಾಂಶ ಇದು. ಇಷ್ಟೂ ಬೇಡವೆಂದರೆ ನಿಮ್ಮ ಫೈರ್‌ಫಾಕ್ಸ್‌ ಬ್ರೌಸರ್ 2013ರಿಂದಲೇ ಪಿಡಿಎಫ್ ತೆರೆಯುತ್ತಿದೆ.

ಸಾಮಾನ್ಯವಾಗಿ ತಂತ್ರಾಂಶಗಳ ವಿಮರ್ಶೆ ಇಲ್ಲಿಗೆ ಮುಗಿಯುತ್ತದೆ. ಗಾತ್ರ, ವೇಗ, ಬೆಲೆ ಇವಿಷ್ಟೇ ಅಳತೆಗೋಲು. ಇಂಗ್ಲಿಷ್ ಓದುವವರಿಗೆ ಅದು ಸಾಕು. ಕನ್ನಡದವರು ಇನ್ನೊಂದು ಪರೀಕ್ಷೆ ಮಾಡಬೇಕು. ಕುಂದಗೋಳದ ಇತಿಹಾಸ ಕುರಿತ ಕನ್ನಡ ಪಿಡಿಎಫ್ ಒಂದನ್ನು ತೆರೆದು ಹುಡುಕುವ ಕಿಂಡಿಯಲ್ಲಿ 'ಸವಾಯಿ ಗಂಧರ್ವ' ಎಂದು ಬರೆಯಿರಿ. ಹೆಸರು ಪುಟದಲ್ಲಿ ಕಣ್ಣಿಗೆ ಕಾಣುತ್ತಿದ್ದರೂ ತಂತ್ರಾಂಶ 'ಸಿಗಲಿಲ್ಲ' ಎನ್ನಬಹುದು. ಏಕೆ ಗೊತ್ತೆ?

ಪಿಡಿಎಫ್ ಮೂಲತಃ ಅಕ್ಷರಗಳನ್ನಲ್ಲ, ಅಕ್ಷರಗಳ ಚಿತ್ರಗಳನ್ನು ನೆನಪಿಡುತ್ತದೆ. ಯಾವ ಚಿತ್ರ ಪುಟದ ಯಾವ ಜಾಗದಲ್ಲಿ ಎಂಬುದಷ್ಟೇ ಅದಕ್ಕೆ ಮುಖ್ಯ. ಯಾವ ಚಿತ್ರಕ್ಕೆ ಯಾವ ಯುನಿಕೋಡ್ ಸಂಕೇತ ಎಂಬ ಪಟ್ಟಿಯೊಂದನ್ನು ಕಡತದಲ್ಲಿ ಸೇರಿಸಬಹುದು. ಇಂಗ್ಲಿಷಿನಲ್ಲಿ ಬರೆಯುವ ಕ್ರಮವೂ ಚಿತ್ರಗಳ ಕ್ರಮವೂ ಒಂದೇ ಆದ್ದರಿಂದ ಪಟ್ಟಿ ಸಾಕಾಗುತ್ತದೆ. ನಮ್ಮ ಲಿಪಿಯಲ್ಲಿ ಹಾಗಲ್ಲ. 'ಗಂಧರ್ವ'ದ ಸಂಕೇತಗಳಲ್ಲಿ ರಕಾರ ವಕಾರಕ್ಕಿಂತ ಮೊದಲು ಬರುತ್ತದೆ. ಮುದ್ರಣದಲ್ಲಿ ಅರ್ಕಾವತ್ತು ವಕಾರದ ನಂತರ ಕೂರುತ್ತದೆ. ಚಿತ್ರಗಳನ್ನು ಎಡದಿಂದ ಬಲಕ್ಕೆ ಓದುತ್ತ ಹೋದ ತಂತ್ರಾಂಶಕ್ಕೆ ಸಿಗುವುದು 'ಗಂಧವರ್'. 'ಹುಬ್ಬಳ್ಳಿ'ಯಲ್ಲಿ ಸಂಕೇತಕ್ರಮದ ಪ್ರಕಾರ ಇಕಾರ ಕೊನೆಗೆ ಬರಬೇಕು. ಚಿತ್ರಕ್ರಮದಲ್ಲಿ ಮೊದಲು 'ಳಿ', ಆಮೇಲೆ ಒತ್ತು. 'ಧಾರವಾಡ', 'ಕುಬಿಹಾಳ' ಎಂಬ ಹೆಸರುಗಳಲ್ಲಿ ಒತ್ತಕ್ಷರವಿಲ್ಲ, ಹಾಗಾಗಿ ಅವು ಸುಲಭವಾಗಿ ಸಿಗುತ್ತವೆ. ಒಂದೇ ಕಡತದಲ್ಲಿ ಧಾರವಾಡ ಸಿಕ್ಕಿ ಹುಬ್ಬಳ್ಳಿ ಸಿಗದಿರುವುದಕ್ಕೆ ಕಾರಣ ಇದು!

'ಕುಂದಗೋಳ'ದ ಕತೆ ಇನ್ನೂ ಸ್ವಾರಸ್ಯದ್ದು. ಓಕಾರದ ಚಿಹ್ನೆಗೆ ಯುನಿಕೋಡ್‌ನಲ್ಲಿ ಒಂದೇ ಸಂಕೇತವಿದೆ. ಎಕಾರ, ಊಕಾರ, ದೀರ್ಘ ಎಂಬ ಮೂರು ಚಿಹ್ನೆಗಳನ್ನು ಸಾಲಾಗಿ ಇಟ್ಟರೂ ಅದಕ್ಕೆ ಸಮವೆಂದು ಯುನಿಕೋಡ್ ನಿಯಮವೇ ಹೇಳುತ್ತದೆ. ಈ ಸಮತೆಯನ್ನು ಲೆಕ್ಕಕ್ಕೆ ಹಿಡಿದು ಹುಡುಕುವ ತಂತ್ರಾಂಶಕ್ಕೆ ಊರು ಸಿಗುತ್ತದೆ, ಹಿಡಿಯದ್ದಕ್ಕೆ ಸಿಗುವುದಿಲ್ಲ.

ಇದಕ್ಕೆ ಪರಿಹಾರವೂ ಪಿಡಿಎಫ್ ಮಾನಕದಲ್ಲೇ ಇದೆ. 'ಆಕ್ಚುಯಲ್ ಟೆಕ್ಸ್ಟ್' ಎಂಬ ಸೌಲಭ್ಯದ ಮೂಲಕ ಚಿತ್ರಗಳ ಜೊತೆಗೆ ನಿಜವಾದ ಪಠ್ಯವನ್ನೂ ಅಡಗಿಸಿಡಬಹುದು. ಲಿಬ್ರೆ ಆಫೀಸ್‌ನ ಈಚಿನ ಆವೃತ್ತಿಗಳು ಇದನ್ನು ಬಳಸುತ್ತವೆ. ಅಡೋಬಿಯ ರೀಡರ್ ಮತ್ತು ಓಕ್ಯುಲರ್ ಇದನ್ನು ಗಮನಿಸುತ್ತವೆ; ಎಲ್ಲ ತಂತ್ರಾಂಶಗಳೂ ಗಮನಿಸುವುದಿಲ್ಲ. ಆದ್ದರಿಂದ ನನ್ನ ದೃಷ್ಟಿಯಲ್ಲಿ ಬರೀ ಓದಲು ಸುಮಾತ್ರ, ಹುಡುಕಿ ಟಿಪ್ಪಣಿ ಮಾಡಲು ಓಕ್ಯುಲರ್. ಮಾಡಿದವರೇ ಪಠ್ಯವನ್ನು ಸೇರಿಸದ ಕಡತವನ್ನು ಎಂಥ ತಂತ್ರಾಂಶವೂ ಸರಿಪಡಿಸಲಾರದು. ತಪ್ಪಿನ ಬಹುಪಾಲು ಓದುವ ಕಡೆಯಲ್ಲಿಲ್ಲ, ಬರೆಯುವ ಕಡೆಯಲ್ಲಿದೆ.

ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಕಡತಗಳದ್ದು ಇನ್ನೊಂದು ಗೋಳು. ಇವು ಕನ್ನಡದ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದವು. ನಕಲು ಮಾಡಿ ಬೇರೆಡೆ ಅಂಟಿಸಿದರೆ ಕೊಂಬು, ಬಾಲ ಇರುವ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ಇಂಥ ಕಡತದಲ್ಲಿ ಹುಡುಕಲು ಒಂದು ಉಪಾಯವುಂಟು. ನುಡಿ ಕೀಲಿಮಣೆಯನ್ನು ಯುನಿಕೋಡ್ ಅಲ್ಲದ ಹಳೆಯ ವಿಧಾನಕ್ಕೆ ಬದಲಿಸಿ ಹುಡುಕುವ ಕಿಂಡಿಯಲ್ಲಿ ಕನ್ನಡ ಪದವನ್ನು ಟೈಪ್ ಮಾಡಿ. ಕಿಂಡಿಯಲ್ಲಿ ಕಾಣುವುದು ಅರ್ಥವಿಲ್ಲದ ಅಕ್ಷರಗಳಾದರೂ ಎಷ್ಟೋ ಸಲ ಪದ ಸಿಗುತ್ತದೆ.

ನಕಲು ಆಗದಿದ್ದರೆ ಕೈಯಲ್ಲಿ ಬರೆದುಕೊಂಡರಾಯಿತು ಎನ್ನಬಹುದು. ಕಣ್ಣು ಕಾಣದ ವಿದ್ಯಾರ್ಥಿ ಏನು ಮಾಡಬೇಕು? ಎನ್‌ವಿಡಿಎ ಎಂಬ ಉಚಿತ ಪರದೆ ಓದುವ ತಂತ್ರಾಂಶವಿದೆ. 2006ರಲ್ಲಿ ಆಸ್ಟ್ರೇಲಿಯದಲ್ಲಿ ಅದನ್ನು ಆರಂಭಿಸಿದ ಮೈಕೆಲ್ ಕರನ್ ಸ್ವತಃ ಅಂಧರು. ಅದರೊಂದಿಗೆ ಬರುವ ಇಸ್ಪೀಕ್ ಕನ್ನಡವನ್ನು ಉಚ್ಚರಿಸುತ್ತದೆ. ದನಿ ಯಾಂತ್ರಿಕವಾದರೂ ಅರ್ಥವಾಗುತ್ತದೆ. ಆದರೆ ಅದು ಓದುವುದು ಪುಟದ ಚಿತ್ರವನ್ನಲ್ಲ, ಒಳಗಿನ ಪಠ್ಯವನ್ನು. ಹಳೆಯ ಫಾಂಟಿನ ಪಾಠ ಆ ವಿದ್ಯಾರ್ಥಿಯ ಕಿವಿಗೆ ಅರ್ಥಹೀನ ಗದ್ದಲ. ಸುಮಾತ್ರದ ದೊಡ್ಡ ಕೊರತೆ ಕಾಣುವುದೂ ಇಲ್ಲೇ: ಪರದೆ ಓದುವ ತಂತ್ರಾಂಶಗಳೊಂದಿಗೆ ಅದು ಹೊಂದಿಕೊಳ್ಳುವುದಿಲ್ಲ. ಇಂಥ ವಿದ್ಯಾರ್ಥಿಗೆ ಅಡೋಬಿಯೇ ಇರಲಿ, ಭಾರವಾದರೂ ಸರಿ.

ನೀವು ಪ್ರಶ್ನೆಪತ್ರಿಕೆಯನ್ನೋ ಟಿಪ್ಪಣಿಯನ್ನೋ ಪಿಡಿಎಫ್ ಮಾಡುವವರಾದರೆ, ಯುನಿಕೋಡ್ ಫಾಂಟಿನಲ್ಲಿ ಬರೆದು, ಹಂಚುವ ಮುನ್ನ ಅದರಿಂದ ಒತ್ತಕ್ಷರಗಳಿರುವ ಒಂದು ಸಾಲನ್ನು ನಕಲು ಮಾಡಿ ಬೇರೆ ಕಡತಕ್ಕೆ ಅಂಟಿಸಿ ನೋಡಿ. ಸಾಲು ಕೆಟ್ಟು ಬಂದರೆ ಪಿಡಿಎಫ್ ಜೊತೆಗೆ ಮೂಲ ಕಡತವನ್ನೂ ಕಳುಹಿಸಿ.